ಹನ್ನೆರಡು ಕಿಲೋಮೀಟರಿನ ಕಲ್ಲು

ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ನಮ್ಮವ್ವ ಹಾಗೆ ಕೇಳಿದವರ ಬಾಯಿಯ ಮೇಲೆ ಹೊಡೆಯುತ್ತಿದ್ದಳು. ಹೋದ ಕೆಲಸ ಕೆಡುತ್ತದಂತೆ. ತೀರ ತಿಳಿಯಲೇಬೇಕೆಂದರೆ 'ಎಷ್ಟು ದೂರ ಹೊಂಟೀರಿ?' ಎನ್ನಬೇಕು, ಹೊರಟವರು 'ಇಲ್ಲೇ, ಹೋಗಿ ಬರ್ತೀನಿ' ಎನ್ನಬೇಕು, ಅಲ್ಲಿಗೆ ಮಾತು ಮುಗಿಯಬೇಕು. ನಾನು ಮೂವತ್ತೊಂದು ವರ್ಷ ಗದಗ ಡಿಪೋದಲ್ಲಿ ಸರಕಾರಿ ಬಸ್ಸು ಓಡಿಸಿದವನು, ಹೆಸರು ಮಾನಪ್ಪ ಬಡಿಗೇರ. ಅಷ್ಟು ವರ್ಷದಲ್ಲಿ ಒಂದು ಅಪಘಾತವಿಲ್ಲ. ಒಂದು ಕೋಳಿ ಸತ್ತಿತ್ತು, ಆದರೆ ತಪ್ಪು ಅದರದೇ. ಅಂಥ ನಾನು ಅರವತ್ನಾಲ್ಕನೇ ವಯಸ್ಸಿನಲ್ಲಿ, ಪರದೇಶದ ಒಂದು ಊರಿನಲ್ಲಿ, ಬಾಡಿಗೆ ಕಾರಿನ ಕೀಲಿಕೈಗಾಗಿ ನಿಂತಾಗ ಲೈಸನ್ಸಿನ ಪರೀಕ್ಷೆಗೆ ಬಂದ ಹುಡುಗನ ಹಾಗೆ ಅಂಗೈ ಒರೆಸಿಕೊಳ್ಳುತ್ತಿದ್ದೆ.

ಆ ಊರಿನ ಹೆಸರು ಹೇಳಲಾರೆ. ಅಲ್ಲಿಯವರು ಅದನ್ನು ಹೇಳುವ ರೀತಿ ನನ್ನ ನಾಲಿಗೆಗೆ ಹೊರಳಲೇ ಇಲ್ಲ. ನನ್ನ ತಂಗಿ ದಾಕ್ಷಾಯಣಿ ಅಲ್ಲಿ ಮೂವತ್ತೆಂಟು ವರ್ಷದಿಂದ ಇದ್ದಾಳೆ. ಹೋದ ತಿಂಗಳು ಅವಳಿಂದ ಒಂದು ಕಾಗದ ಬಂತು, ಮೂವತ್ತೆಂಟು ವರ್ಷದಲ್ಲಿ ಮೊದಲನೆಯದು. ಎರಡೇ ಸಾಲು. 'ಅಣ್ಣಾ, ಎದಿಯೊಳಗ ಆಪರೇಶನ್ ಐತಿ, ಹನ್ನೊಂದನೇ ತಾರೀಖು ಮಧ್ಯಾಹ್ನ ಮೂರು ಗಂಟೆಗೆ. ಬರೂದಾದರ ಅದಕ್ಕ ಮೊದಲ ಬಾ.' ಕೆಳಗೆ ಆಸ್ಪತ್ರೆಯ ವಿಳಾಸ. ಕಾಗದ ಓದಿ ಮಡಚಿ ಜೇಬಿಗೆ ಹಾಕಿಕೊಂಡು ಎರಡು ದಿನ ಯಾರಿಗೂ ತೋರಿಸಲಿಲ್ಲ.

ಯಾಕೆಂದು ನಿಮಗೆ ಈಗಲೇ ಹೇಳಿಬಿಡುತ್ತೇನೆ, ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ದಾಕ್ಷಿ ನರ್ಸ್ ಕೆಲಸಕ್ಕೆಂದು ಹೋದವಳು ಅಲ್ಲಿಯವನೊಬ್ಬನನ್ನು, ದೋಣಿ ರಿಪೇರಿ ಮಾಡುವವನನ್ನು, ಮದುವೆಯಾದಳು. ಸುದ್ದಿ ಬಂದ ದಿನ ಅಪ್ಪ ಊಟದ ತಾಟನ್ನು ದೂಡಿ, 'ಅಕಿ ಸತ್ಲು' ಎಂದ. ಬೇರೆ ಮನೆಗಳಲ್ಲಿ ಅದು ಮಾತಿನಲ್ಲೇ ಮುಗಿಯುತ್ತದೆ. ನಮ್ಮಪ್ಪ ಮಾಡಿ ಮುಗಿಸುವ ಮನುಷ್ಯ. ನನ್ನನ್ನು ಮಲಪ್ರಭೆಗೆ ಕರೆದೊಯ್ದ, ಮುಳುಗಿಸಿದ, ಒದ್ದೆ ಧೋತರದಲ್ಲಿ ಕೂರಿಸಿದ. ನಾನು ನನ್ನ ಈ ಕೈಯಿಂದ, ಎಲ್ಲೋ ಉಂಡು ತಿಂದು ಬದುಕಿದ್ದ ತಂಗಿಯ ಹೆಸರು ಹೇಳಿ ಎಳ್ಳುನೀರು ಬಿಟ್ಟೆ. ಇಪ್ಪತ್ತಾರು ವರ್ಷದ ಗಂಡಸು ನಾನು, ಒಲ್ಲೆ ಅನ್ನಬಹುದಿತ್ತು. ಅನ್ನಲಿಲ್ಲ. ಯಾರೋ ಪುಣ್ಯಾತ್ಮರು ಆ ಸುದ್ದಿಯನ್ನು ಅವಳಿಗೆ ಬರೆದು ತಿಳಿಸಿದರು. ಅನಸೂಯಾ ನಮ್ಮ ಮನೆಗೆ ಸೊಸೆಯಾಗಿ ಬಂದದ್ದು ಎರಡು ವರ್ಷದ ನಂತರ. ನಾದಿನಿ ಪರದೇಶದಲ್ಲಿದ್ದಾಳೆ, ಮಾತುಕತೆ ಇಲ್ಲ ಎಂಬಷ್ಟೇ ಅವಳಿಗೆ ಗೊತ್ತಿತ್ತು.

ವಿಮಾನ ಇಳಿಯುವಷ್ಟರಲ್ಲಿ ಆಸ್ಪತ್ರೆಯ ಕಡೆ ಹೋಗುವ ದಿನದ ಒಂದೇ ಬಸ್ಸು ಹೋಗಿಬಿಟ್ಟಿತ್ತು. ತಾರೀಖು ಹನ್ನೊಂದು. ಗಡಿಯಾರದಲ್ಲಿ ಹನ್ನೊಂದೂವರೆ. ಆಸ್ಪತ್ರೆ ಐವತ್ತು ಕಿಲೋಮೀಟರ್. ಗದಗಿನಿಂದ ರೋಣಕ್ಕೆ ಹೋಗಿ ಚಹಾ ಕುಡಿಯುವಷ್ಟು ಹೊತ್ತು ಎಂದು ಅನಸೂಯಾಗೆ ಧೈರ್ಯ ಹೇಳಿದೆ. ನನಗೇ ಅದು ಸಾಲಲಿಲ್ಲ.

ಕಾರು ಕೊಡುವ ಆಫೀಸಿನಲ್ಲಿ ನಡುವಯಸ್ಸಿನ ಒಬ್ಬ ಹೆಂಗಸು ಇದ್ದಳು. ನನ್ನ ಲೈಸನ್ಸು, ಆರ್‌ಟಿಓ ಆಫೀಸಿಗೆ ನಾಲ್ಕು ಸಲ ಅಲೆದು ಮಾಡಿಸಿದ ಇಂಟರ್‌ನ್ಯಾಷನಲ್ ಪರ್ಮಿಟ್ಟು, ಎರಡನ್ನೂ ಹಿಂದುಮುಂದು ಮಾಡಿ ನೋಡಿದಳು. ಅವಳು ತನ್ನ ಮಾತನ್ನು ಫೋನಿಗೆ ಹೇಳಿದರೆ ಅದು ನಮಗೆ ಕನ್ನಡದಲ್ಲಿ ಹೇಳುತ್ತಿತ್ತು, ಅದೂ ರೇಡಿಯೋ ವಾರ್ತೆಯ ಕನ್ನಡದಲ್ಲಿ. ಅದನ್ನೇ ಅನಸೂಯಾಳ ಫೋನಿಗೂ ಹಾಕಿಕೊಟ್ಟಳು. ಆಮೇಲೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಉಗುರಿನಷ್ಟಿದ್ದ ಗೀರುಗಳ ಫೋಟೋ ತೆಗೆಸಿದಳು. ನಾನು ಗತ್ತಿನಿಂದ ಬಲಗಡೆಯ ಬಾಗಿಲು ತೆಗೆದು ಕೂತೆ. ಮುಂದೆ ಸ್ಟೇರಿಂಗೇ ಇಲ್ಲ.

"ಅದು ನನ್ನ ಸೀಟ್ರೀ, ಇಳೀರಿ," ಎಂದಳು ಅನಸೂಯಾ.

ಎಡಗಡೆ ಕೂತರೆ ಕ್ಲಚ್ಚು ಇಲ್ಲ. ಎಡಗಾಲು ಅದನ್ನೇ ಹುಡುಕುತ್ತ ನೆಲ ಒದೆಯುತ್ತಿತ್ತು. ಗೇರು ಹಾಕಲು ಎಡಗೈ ಹೋಗಿ ಬಾಗಿಲಿಗೆ ಬಡಿಯಿತು. ಇಂಡಿಕೇಟರ್ ಎಂದು ಎಳೆದರೆ ಬಿರುಬಿಸಿಲಿನಲ್ಲಿ ವೈಪರು ಕರಕರ ಎಂದು ಗಾಜು ಒರೆಸತೊಡಗಿತು. ಕುಣಿಯಲಾರದವ ನೆಲ ಡೊಂಕು ಅಂದನಂತೆ ಎಂದು ಯಾರಾದರೂ ಅಂದಾರು ಎಂದು ಸುಮ್ಮನಿದ್ದೆ. ಹೆಂಗಸು ಕಿಟಕಿಯೊಳಗೆ ಫಾರ್ಮು ಚಾಚಿದಳು. ಎಲ್ಲ ತುಂಬಿದ್ದೆ, ಕಡೆಯ ಮನೆ ಖಾಲಿ ಇತ್ತು. ಅನಸೂಯಾಳ ಫೋನು ಗಂಭೀರವಾಗಿ ಕೇಳಿತು: "ಮಾನ್ಯರೇ, ತಾವು ಎಲ್ಲಿಗೆ ತೆರಳುತ್ತಿರುವಿರಿ, ಮತ್ತು ಏತಕ್ಕಾಗಿ?"

ಹೊರಟು ಕೂತ ಗಾಡಿಗೆ ಕಿಟಕಿಯಲ್ಲಿ ತಲೆ ಹಾಕಿ ಎಲ್ಲಿಗೆ ಅನ್ನುತ್ತಾಳಲ್ಲ! ಅದೂ ಆಪರೇಶನ್ನಿನ ದಿನ. ಊರಲ್ಲಿ ಟಿಕೀಟು ಮಾಡಿಸಿಕೊಟ್ಟ ಚಿದಾನಂದ ಮೊದಲೇ ಹೇಳಿದ್ದ, "ಕಾಕಾ, ಅಲ್ಲಿ ಯಾರು ಏನ ಕೇಳಿದ್ರೂ ಪ್ರವಾಸ ಅನ್ರಿ. ಆಸ್ಪತ್ರಿ, ಜಡ್ಡು ಅಂದ್ರಿ ಅಂದ್ರ ನೂರಾಎಂಟು ಪ್ರಶ್ನಿ ಬರ್ತಾವ." ಅವ್ವನ ಮಾತೂ ಅದಕ್ಕೆ ಸೇರಿತು. "ಇಲ್ಲೇ, ಸ್ವಲ್ಪ ಮುಂದ. ಪ್ರವಾಸ," ಎಂದೆ. ಹೆಂಗಸು ನನ್ನ ಮುಖವನ್ನೇ ನೋಡಿದಳು. ಊರ ಹೊರಗಿನ ಗೇಟಿನಲ್ಲಿ ಇನ್ನೊಮ್ಮೆ ಕೇಳುತ್ತಾರೆ, ಆಗಲಾದರೂ ಸರಿಯಾಗಿ ಹೇಳಿ ಎಂದು ಫೋನಿನ ಬಾಯಲ್ಲಿ ಹೇಳಿಸಿ ಒಳಗೆ ಹೋದಳು.

ಗೇಟಿನಲ್ಲಿ ಛತ್ರಿಯ ಕೆಳಗೆ ಸ್ಟೂಲಿನ ಮೇಲೆ ಒಬ್ಬ ಮುದುಕ ಕೂತಿದ್ದ. ಹೋಗುವ ಪ್ರತಿಯೊಬ್ಬರನ್ನೂ ಕೇಳುತ್ತಿದ್ದ, ಅವರೂ ನಿಂತು ಹೇಳಿ ಹೋಗುತ್ತಿದ್ದರು. ನಮ್ಮ ಮುಂದಿದ್ದ ಸೈಕಲ್ಲಿನ ಹೆಂಗಸು, "ಅತ್ತೆಯ ಮನೆಗೆ, ಜಗಳವಾಡಲು," ಎಂದಳು. ಮುದುಕ ತಲೆಯಾಡಿಸಿದ, ಅವಳು ನೆಟ್ಟಗೆ ಹೊರಟುಹೋದಳು. ರೊಟ್ಟಿ ಹೊತ್ತ ವ್ಯಾನಿನವನು, "ಅಂಗಡಿಗಳಿಗೆ ರೊಟ್ಟಿ ಹಾಕಲು, ಮತ್ತು ಒಂದು ತಾಸು ಮನೆಯವರ ಕಣ್ಣಿನಿಂದ ತಪ್ಪಿಸಿಕೊಳ್ಳಲು," ಎಂದ. ಯಾರೂ ನಗಲಿಲ್ಲ, ಹಿಂದಿದ್ದವರು ಹಾರ್ನ್ ಕೂಡ ಮಾಡಲಿಲ್ಲ. ಅನಸೂಯಾ ಫೋನನ್ನು ಕಿಟಕಿಯ ಹೊರಗೆ ಹಿಡಿದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಏನ್ ಮಂದಿರೀ ಇವ್ರು! ಮನಸ್ಸಿನಾಗಿಂದೆಲ್ಲಾ ರಸ್ತಾದಾಗ ಹರವತಾರ."

ನಮ್ಮ ಸರದಿ ಬಂತು. ಮುದುಕ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬೆವರಿದೆ. "ಪ್ರವಾಸ," ಎಂದೆ ಗಟ್ಟಿಯಾಗಿ. ಮುದುಕ ನಿಟ್ಟುಸಿರು ಬಿಟ್ಟು ಕೈ ಬೀಸಿದ.

ಮೊದಲ ಅರ್ಧ ತಾಸು ನಾನು ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ. ಎಲ್ಲರೂ ಬಲಗಡೆ ಹೋಗುತ್ತಿದ್ದರು. ಪ್ರತಿ ತಿರುವಿನಲ್ಲೂ ನನ್ನ ಕೈ ಎಡಕ್ಕೆ ಎಳೆಯುತ್ತಿತ್ತು, ಅನಸೂಯಾ 'ಬಲಾ ಬಲಾ ಬಲಾ' ಎಂದು ಜಪ ಮಾಡುತ್ತಿದ್ದಳು. ಆದರೂ ಮೈಲಿಗಲ್ಲುಗಳ ಅಂಕಿ ಇಳಿಯುತ್ತಿತ್ತು. ಆಸ್ಪತ್ರೆಯ ಗುರುತು, ಅದರ ಕೆಳಗೆ ನಲವತ್ತು, ಮೂವತ್ತು, ಇಪ್ಪತ್ತು. ಎಡಕ್ಕೆ ಒಂದು ದೊಡ್ಡ ಕೆರೆ ಬಂತು, ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಲ್ಲಿನ ಮೇಲೆ ಹನ್ನೆರಡು. ನೋಡಿದ್ಯಾ, ಬಂದೇ ಬಿಟ್ಟಿತು ಎಂದೆ.

ಮುಂದಿನ ಕಲ್ಲಿನ ಮೇಲೂ ಹನ್ನೆರಡು.

ಬಣ್ಣ ಬಳಿಯುವವನ ತಪ್ಪು ಎಂದುಕೊಂಡೆ. ಅದರ ಮುಂದಿನದೂ ಹನ್ನೆರಡು. ಗಾಡಿ ಅರವತ್ತರಲ್ಲಿ ಓಡುತ್ತಿದೆ, ಗಿಡಗಳು ಹಿಂದೆ ಹೋಗುತ್ತಿವೆ, ಬೇರೆ ಬೇರೆ ಮನೆಗಳು, ಬೇರೆ ಬೇರೆ ನಾಯಿಗಳು, ಆದರೆ ಕೆರೆ ಮಾತ್ರ ಎಡಕ್ಕೇ ಇದೆ. ಕಲ್ಲಿನ ಮೇಲೆ ಹನ್ನೆರಡು. ಕಾರಿನ ಮೀಟರು ಅಲ್ಲಿಂದ ಮುಂದೆ ಮೂವತ್ತೆಂಟು ಕಿಲೋಮೀಟರು ತೋರಿಸಿತು. ರೋಣದ ದಾರಿಯಲ್ಲಿ ಕಣ್ಣು ಮುಚ್ಚಿಕೊಂಡು ಯಾವ ಕಲ್ಲು ಬಂತೆಂದು ಹೇಳುತ್ತಿದ್ದವನು ನಾನು. ನನಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ಗಂಟೆ ಒಂದೂವರೆ ಆಗಿತ್ತು.

"ಯಾರನ್ನರೆ ಕೇಳೂಣ್ರೀ," ಎಂದಳು ಅನಸೂಯಾ.

ರಸ್ತೆಯ ಬದಿಗೆ ಒಂದು ತಿಂಡಿಯ ಅಂಗಡಿ ಇತ್ತು. ಹೊರಗೆ ನಾಲ್ಕೈದು ಕಾರು ನಿಂತಿದ್ದವು, ಮಂದಿ ಅವಸರವಿಲ್ಲದೆ ಕೂತಿದ್ದರು. ಒಬ್ಬ ಮುದುಕ ಮಡಚುವ ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರೆ ಅವನ ಹೆಂಡತಿ ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದಳು. ಬೆಳಗಿನಿಂದ ಇಲ್ಲೇ ಇದ್ದೇವೆ ಎಂದಳು ಆ ಮುದುಕಿ. ಮಗಳ ಮನೆಗೆ ಮೊಮ್ಮಗುವನ್ನು ನೋಡಲು ಎಂದು ಇವರು ಗೇಟಿನಲ್ಲಿ ಹೇಳಿದರು, ನಿಜವಾಗಿ ಹೊರಟಿರುವುದು ಅಳಿಯನ ತಪ್ಪು ಹುಡುಕಲು. ಒಪ್ಪಿಕೊಳ್ಳಲಿ, ತನಗೇನೂ ಅವಸರವಿಲ್ಲ, ತೋಳು ಒಂದು ಹೆಣೆದದ್ದಾಯಿತು ಎಂದಳು. ಹೋದ ವರ್ಷ ಇಡೀ ಸ್ವೆಟರು ಇಲ್ಲೇ ಮುಗಿದಿತ್ತಂತೆ.

ಅಂಗಡಿಯ ಹೆಂಗಸು ನಮಗೆ ಚಹಾ ತಂದಿಟ್ಟು, ನಾವೇನೂ ಕೇಳುವ ಮೊದಲೇ ಹೇಳಿದಳು, ಫೋನು ಅದನ್ನು ಒಪ್ಪಿಸಿತು: "ನಿಜ ನುಡಿದವರು ನಮ್ಮ ಅಂಗಡಿಗೆ ಆಗಮಿಸುವುದಿಲ್ಲ. ಅವರು ಈಗಾಗಲೇ ತಲುಪಿರುತ್ತಾರೆ. ಕಲ್ಲಿನ ಬಳಿ ತೆರಳಿ ಸರಿಪಡಿಸಿಕೊಳ್ಳಿ."

ಅನಸೂಯಾ ನನ್ನ ಕಡೆ ತಿರುಗಿದಳು. "ಗೇಟಿನ್ಯಾಗ ಪ್ರವಾಸ ಅಂದ್ರಿ ಹೌದಿಲ್ಲ?"

"ಚಿದಾನಂದ ಹೇಳಿದ್ದ."

"ಚಿದಾನಂದನ ತಲಿ! ನಡೀರಿ, ಆಸ್ಪತ್ರಿಗೆ ಅಂತ ಹೇಳ್ರಿ. ತಂಗೀನ ನೋಡಾಕ ಅನ್ರಿ. ಅದರಾಗ ಮುಚ್ಚಿಡೂದು ಏನೈತಿ?"

ಮುಚ್ಚಿಡುವುದು ಏನಿತ್ತೆಂದು ನನಗೆ ಗೊತ್ತಿತ್ತು. ಚಹಾ ಕುಡಿಯಲು ಆಗಲಿಲ್ಲ. ಮೈಲಿಗಲ್ಲಿನ ಮುಂದೆ ಕಾರು ನಿಲ್ಲಿಸಿ ಗಾಜು ಇಳಿಸಿದೆ. ಒಂದು ಕಲ್ಲಿಗೆ ಮಾತಾಡುವುದೆಂದರೆ ನಾಚಿಕೆಯಾಯಿತು. ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, "ಆಸ್ಪತ್ರಿಗೆ. ತಂಗೀನ ಮಾತಾಡಿಸಾಕ," ಎಂದೆ. ಕಾರು ಹೊರಟಿತು. ಮುಂದಿನ ಕಲ್ಲಿನ ಮೇಲೆ ಹನ್ನೊಂದು. ಅನಸೂಯಾ ಚಪ್ಪಾಳೆ ತಟ್ಟಿದಳು. ಅದರ ಮುಂದಿನದು ಹನ್ನೊಂದು. ಅದರ ಮುಂದಿನದೂ ಹನ್ನೊಂದೇ. ಅವಳ ಕೈಗಳು ಮಡಿಲಿಗೆ ಇಳಿದವು.

"ರೀ," ಎಂದಳು. "ಇನ್ನೂ ಏನೋ ಐತಿ. ನನ್ನ ಮುಂದ ಹೇಳಬಾರದಂಥಾದ್ದ?"

ಎರಡು ಗಂಟೆ ಹತ್ತು ನಿಮಿಷ. ನನ್ನ ಕೈ ಸ್ಟೇರಿಂಗಿಗೆ ಅಂಟಿಕೊಂಡಂತಾಗಿತ್ತು. ಮೂವತ್ತಾರು ವರ್ಷ ಜೊತೆಗೆ ಬಾಳಿದವಳು. ನನ್ನ ಸಕ್ಕರೆ ಕಾಯಿಲೆ, ನನ್ನ ಗೊರಕೆ, ಡಿಪೋದಲ್ಲಿ ನಾನು ಬೈಸಿಕೊಂಡದ್ದು, ಎಲ್ಲ ಗೊತ್ತಿದ್ದವಳು. ಅವಳ ಎದುರಿಗೆ ಹೇಳುವುದೇ, ಅಥವಾ ಹೇಳದೆ ಈ ಕೆರೆಯ ದಂಡೆಯಲ್ಲಿ ಮೂರು ಗಂಟೆ ಹೊಡೆಯುವ ತನಕ ಕೂರುವುದೇ? ಕಾರನ್ನು ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿದೆ. ವೈಪರು ಯಾವಾಗ ಚಾಲೂ ಆಗಿತ್ತೋ, ನಡುವೆ ನಿಂತಿತು.

"ಅಕಿ ಬದುಕಿರಬೇಕಾದ್ರ ನಾನು ಅಕಿಗೆ ಎಳ್ಳುನೀರು ಬಿಟ್ಟೀನಿ," ಎಂದೆ. "ಹೊಳ್ಯಾಗ. ಅಪ್ಪ ಹೇಳಿದ, ನಾ ಬಿಟ್ಟೆ."

ಅನಸೂಯಾ ಗಾಜಿನಾಚೆ ನೋಡುತ್ತ ಕೂತಳು. ಆಮೇಲೆ, ತನ್ನಷ್ಟಕ್ಕೆ ಎಂಬಂತೆ, "ಉಸರಾಡೂ ಜೀವಕ್ಕ," ಎಂದಳು. ನನ್ನ ಕಡೆ ತಿರುಗಿ, "ಹಂಗಾದ್ರ ವರ್ಷಾ ಹಿರಿಯರ ದಿವಸ ನೀವು ಒಂದು ತುತ್ತು ಜಾಸ್ತಿ ಇಡತಿದ್ರೆಲ್ಲಾ, ಅದು?" ಎಂದಳು. ನಾನು ತಲೆ ತಗ್ಗಿಸಿದೆ. ಅವಳು ಅದನ್ನು ಗಮನಿಸಿದ್ದಳೆಂದೇ ನನಗೆ ಗೊತ್ತಿರಲಿಲ್ಲ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ನಾನು ಆಮ್ಯಾಲ ಮಾತಾಡ್ತೀನಿ ನಿಮ್ಮ ಸಂಗಡ. ಈಗ ಇಳೀರಿ. ಕಲ್ಲಿಗೆ ಹೇಳ್ರಿ," ಎಂದಳು.

ಇಳಿದೆ. ಬಿಸಿಲಿಗೆ ಕಲ್ಲು ಸುಡುತ್ತಿತ್ತು. "ತಂಗಿಗೆ ತಪ್ಪಾತು ಅನ್ನಾಕ ಹೊಂಟೀನಿ," ಎಂದೆ. ಹೇಳಿ ಕಾರು ಹತ್ತಿ ಓಡಿಸಿದೆ. ಏಳು. ಮತ್ತೆ ಏಳು. ಮತ್ತೆ ಏಳು! ನನಗೆ ಅಳುವೇ ಬಂತು. ಎರಡೂವರೆ ದಾಟಿತ್ತು. ಇನ್ನೇನು ಬೇಕು ಇದಕ್ಕೆ ಎಂದು ಸ್ಟೇರಿಂಗಿಗೆ ಗುದ್ದಿದೆ, ಹಾರ್ನ್ ಆಗಿ ಎದುರಿನವನೊಬ್ಬ ಬೆಚ್ಚಿಬಿದ್ದ. ಕಿಟಕಿಯ ಹೊರಗೆ ತಲೆ ಹಾಕಿ ಆ ರಸ್ತೆಗೆ ನಾನು ಕೂಗಿದೆ, ನನಗೇ ಗೊತ್ತಿಲ್ಲದಿದ್ದದ್ದು ಬಾಯಿಂದ ಬಂತು.

"ಹೆದರಿಕ್ಯಾಗೇತಿ ನನಗ! ನಾ ಬಿಟ್ಟ ನೀರು ಈಗ ಅಕಿಗೆ ತಗಲಾಕತ್ತೈತಿ ಅಂತ ಹೆದರಿಕಿ. ಅಕಿ ಸತ್ರ ನಾನ ಕೊಂದಂಗ ಆಕ್ಕೈತಿ. ಅಕಿ ಸಲುವಾಗಿ ಅಲ್ಲ, ನನ್ನ ಸಲುವಾಗಿ ಹೊಂಟೀನಿ. ಅಕಿ ಬಾಯಿಂದ ನೀ ಕೊಂದಿಲ್ಲ ಅನಿಸ್ಕೊಳ್ಳಾಕ ಹೊಂಟೀನಿ. ಸಾಕಾ?"

ಕೆರೆ ಮುಗಿಯಿತು. ಒಂದು ತಿರುವು ತಿರುಗಿದರೆ ಎದುರಿಗೆ ಆಸ್ಪತ್ರೆಯ ಗೇಟು. ನಾನು ಬ್ರೇಕಿನ ಬದಲು ಇಲ್ಲದ ಕ್ಲಚ್ಚು ಒತ್ತಿ, ಆಮೇಲೆ ಬ್ರೇಕು ಸಿಕ್ಕು, ಕಾರನ್ನು ಎರಡು ಗಾಡಿಯ ಜಾಗದಲ್ಲಿ ಅಡ್ಡ ನಿಲ್ಲಿಸಿ ಓಡಿದೆ. ಎರಡು ನಲವತ್ತು.

ದಾಕ್ಷಿಯನ್ನು ಆಗಲೇ ಗಾಲಿಯ ಮಂಚದ ಮೇಲೆ ಮಲಗಿಸಿ ಕಾರಿಡಾರಿಗೆ ತಂದಿದ್ದರು. ಕೂದಲು ಬೆಳ್ಳಗಾಗಿತ್ತು, ಗಲ್ಲದ ಮಚ್ಚೆ ಮಾತ್ರ ಅವ್ವನದೇ. ನನ್ನನ್ನು ಕಂಡು, ನಿನ್ನೆ ಗದಗಿನ ಸಂತೆಯಿಂದ ಎದ್ದು ಬಂದವಳ ಹಾಗೆ, ನಮ್ಮದೇ ಮಾತಿನಲ್ಲಿ, "ಬಾಳ ಹೊತ್ತು ಮಾಡಿದಿ," ಎಂದಳು.

"ರಸ್ತೆ ಉದ್ದ ಆತು," ಎಂದೆ.

ಅವಳ ತುಟಿಯ ಕೊನೆ ಅಲುಗಿತು. "ಎಷ್ಟು ಸುಳ್ಳು ಹೇಳಿದ್ಯೋ ಅಣ್ಣಾ?"

"ಮೂರು," ಎಂದೆ. ತಪ್ಪಾತು ಎನ್ನಬೇಕೆಂದು ಬಾಯಿ ತೆರೆದೆ, ಅನ್ನಲಾರದೆ ಅವಳ ಹೊದಿಕೆಯ ಅಂಚು ಸರಿಮಾಡಿದೆ. ಅನಸೂಯಾ ಮುಂದೆ ಬಂದು ಅವಳ ಪಾದ ಹಿಡಿದು, "ನಾನ್ರೀ, ಅನಸೂಯಾ, ನಿಮ್ಮ ವೈನಿ," ಎಂದಳು. ದಾಕ್ಷಿ ಅವಳ ಕಡೆ ನೋಡಿ ಕಣ್ಣು ತುಂಬಿಕೊಂಡಳು, ನನ್ನ ಕಡೆ ನೋಡಿ ಒರೆಸಿಕೊಂಡಳು.

ನರ್ಸ್ ಬಂದು ನಮಗೆ ಏನೋ ಹೇಳಿದಳು. ಫೋನು ಹೇಳಿತು: "ರೋಗಿಯ ನಿಕಟ ಬಂಧುಗಳು ಪ್ರಶ್ನಿಸತಕ್ಕದ್ದು." ಕಾರಿಡಾರು ಉದ್ದಕ್ಕೆ ಹೋಗಿತ್ತು, ದೀಪಗಳ ಸಾಲು, ಆ ಸಾಲಿನ ತುದಿಗೆ ಬೆಂಕಿಪೆಟ್ಟಿಗೆಯಷ್ಟು ಕಾಣುವ ಬಾಗಿಲು. ಕೇಳದಿದ್ದರೆ ಆ ಬಾಗಿಲು ಬರುವುದಿಲ್ಲ ಎಂದು ದಾಕ್ಷಿಯೇ ಬಿಡಿಸಿ ಹೇಳಿದಳು. ಹೋದ ಸಲ ಸಣ್ಣ ಆಪರೇಶನ್ನಿಗೆ ಬಂದಾಗ ಗಂಡ ಇದ್ದ, ಅವನು ಕೇಳಿದ್ದ. ಈಗ ಅವನಿಲ್ಲ. "ಅದಕ್ಕ ಬಾ ಅಂತ ಬರದಿದ್ದೆ," ಎಂದಳು.

ಏನನ್ನು ಕೇಳಬೇಕೆಂದು ನನಗೆ ತಿಳಿಯಿತು. ಎದೆ ಕೊಯ್ಯಿಸಿಕೊಳ್ಳಲು ಹೊರಟ ತಂಗಿಗೆ ನನ್ನ ಬಾಯಿಂದ ಎಲ್ಲಿಗೆ ಎಂದು ಕೇಳುವುದೇ? ಒಂದು ಸಲ ಈ ಕೈಯಿಂದ ಆಗಿದೆ, ಈಗ ಬಾಯಿಂದಲೂ ಆಗಬೇಕೇ? ಎಷ್ಟು ದೂರ ಹೊಂಟೀ ಎಂದು ಕೇಳಿ ನೋಡಿದೆ. ನರ್ಸ್ ತಲೆಯಲ್ಲಾಡಿಸಿದಳು, ಬಾಗಿಲು ಇನ್ನಷ್ಟು ಸಣ್ಣದಾದಂತೆ ಕಂಡಿತು. ಎರಡು ಐವತ್ತೈದು. ಡಾಕ್ಟರು ಒಳಗೆ ಕಾಯುತ್ತಿದ್ದಾರೆ ಎಂದಿತು ಫೋನು.

"ಕೇಳ್ರೀ," ಎಂದಳು ಅನಸೂಯಾ, ನನ್ನ ಬೆನ್ನಿಗೆ ಕೈ ಇಟ್ಟು. ಕಾರಿನಿಂದ ಇಳಿದ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಮಂಚದ ಸರಳು ಹಿಡಿದುಕೊಂಡೆ. "ದಾಕ್ಷೀ," ಎಂದೆ. "ಎಲ್ಲಿಗೆ ಹೊಂಟೀ ತಂಗೀ? ಯಾಕ ಹೊಂಟೀ?"

"ಅವ್ವ ಇದ್ದಿದ್ರ ಬಾಯಿ ಮ್ಯಾಲ ಹೊಡೀತಿದ್ಲು ನಿನಗ," ಎಂದಳು ದಾಕ್ಷಿ. ಆಮೇಲೆ ಮೇಲಿನ ದೀಪ ನೋಡುತ್ತ, ಗೇಟಿನ ಮುದುಕನಿಗೆ ಹೇಳುವವಳಂತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಒಳಗ ಹೊಂಟೀನಿ. ಎದಿ ರಿಪೇರಿ ಮಾಡಿಸ್ಕೊಂಡು ಹೊಳ್ಳಿ ಬಂದು ನಿನ್ನ ಸಂಗಡ ಜಗಳ ಮಾಡಾಕ. ಮೂವತ್ತೆಂಟು ವರ್ಷದ್ದು ಐತಿ, ಬಾಳ ಐತಿ. ಎಲ್ಲಾ ಮುಗಿಯೂತನಕ ನೀ ಊರಿಗೆ ಹೋಗೂಹಂಗಿಲ್ಲ."

ನರ್ಸ್ ಮಂಚವನ್ನು ದೂಡಿದಳು. ನಾನು ದೀಪಗಳನ್ನು ಎಣಿಸುತ್ತ ಹಿಂದೆ ಹೊರಟೆ, ಆ ಉದ್ದ ನಡೆಯಲು ನನ್ನ ಕಾಲಿಗೆ ಆದೀತೋ ಇಲ್ಲವೋ ಎಂಬ ಹೆದರಿಕೆ. ಎರಡು ದೀಪ ಎಣಿಸಿದ್ದೆ. ಮೂರನೆಯದಕ್ಕೆ ಬಾಗಿಲು ಮುಖದ ಮುಂದೆ ಇತ್ತು. ನಾಲ್ಕು ಹೆಜ್ಜೆ ಕೂಡ ಆಗಿರಲಿಲ್ಲ. ದಾಕ್ಷಿ ಒಳಗೆ ಹೋದಳು.

ಬಾಗಿಲ ಪಕ್ಕದಲ್ಲಿ ಒಂದು ಬೆಂಚು ಇತ್ತು. ಬೈಸಿಕೊಳ್ಳಲು ತಯಾರಾಗಿ ನಾನು ಅದರ ಮೇಲೆ ಕೂತೆ. ಅನಸೂಯಾ ಪಕ್ಕಕ್ಕೆ ಬಂದು ಕೂತು, ತಾನೂ ಕಾಯತೊಡಗಿದಳು.